ಬೆಳಗ್ಗೆ ಹೊಟ್ಟೆನೋವು ಅಂದ ಮಗುವಿನ ಕಣ್ಣು ನೋಡಿ

ತೋವಿನಕೆರೆ: ಈ ಕಡೆ ಹಳ್ಳಿಗಳಲ್ಲಿ ದೀಪ ಹಚ್ಚಿದ ಮೇಲೆ ಹಾವಿನ ಹೆಸರು ಎತ್ತುವ ಹಾಗಿಲ್ಲ. ‘ಹುಳ’ ಅನ್ನಬೇಕು. ಕಡಿದರೂ ‘ಕಡಿಯಿತು’ ಅನ್ನುವುದಿಲ್ಲ, ‘ಹುಳ ಮುಟ್ಟೈತೆ’ ಅಂತಾರೆ. ದೊಡ್ಡವರು ಹಾಗಂದರೆ ಕೇಳಿದವರ ಎದೆ ಧಸಕ್ ಅನ್ನುತ್ತೆ. ಅದೇ ಮೂರು ವರ್ಷದ ಕೂಸು ಅಂಗಳದಿಂದ ಅಳುತ್ತಾ ಬಂದು ‘ಅವ್ವಾ, ಹುಳ ಕಚ್ತು’ ಅಂದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಗೊದ್ದ ಕಚ್ಚಿದರೂ ಅದಕ್ಕೆ ಹುಳವೇ, ಚೇಳು ಕುಟುಕಿದರೂ ಹುಳವೇ, ಸೌದೆ ಒಟ್ಟಿನ ಸಂದಿಯಿಂದ ಮಂಡಲದ ಹಾವು ಕಡಿದರೂ ಹುಳವೇ. ತಾಯಿ ಉಫ್ ಅಂತ ಊದಿ, ಕೈಗೊಂದು ಬೆಲ್ಲದ ಚೂರು ಕೊಟ್ಟು ಒಲೆ ಮುಂದೆ ಕೂತುಕೊಳ್ಳುತ್ತಾಳೆ. ಅರ್ಧ ಗಂಟೆ ಹೋಗುತ್ತೆ. ಕಾಲು ಊದಿಕೊಂಡಾಗ ಗೊತ್ತಾಗುತ್ತೆ, ಇದು ಆ ಹುಳವಲ್ಲ, ಈ ಹುಳ ಅಂತ.

ಮಕ್ಕಳ ಹಾವಿನ ಕಡಿತದಲ್ಲಿ ಕೆಟ್ಟದ್ದೆಲ್ಲ ಶುರುವಾಗೋದು ಹೀಗೆ. ಔಷಧಿ ಇಲ್ಲ ಅಂತಲ್ಲ ಸ್ವಾಮಿ. ಔಷಧಿ ಕಂಡುಹಿಡಿದು ನೂರಾ ಇಪ್ಪತ್ತೈದು ವರ್ಷದ ಮೇಲಾಯಿತು. ಆ ಔಷಧಿ ಮಗುವಿನ ಮೈಗೆ ಹೋಗುವ ಹೊತ್ತಿಗೆ ಎಷ್ಟು ಗಂಟೆ ಕಳೆದಿರುತ್ತೆ ಅನ್ನೋದೇ ಪ್ರಶ್ನೆ.

ಲೆಕ್ಕ ಕೇಳಿ. 2020ರಲ್ಲಿ ಪ್ರಕಟವಾದ ದೊಡ್ಡದೊಂದು ಅಧ್ಯಯನದ ಪ್ರಕಾರ 2000ದಿಂದ 2019ರವರೆಗಿನ 20 ವರ್ಷದಲ್ಲಿ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಜನ. ವರ್ಷಕ್ಕೆ ಸರಾಸರಿ 58 ಸಾವಿರ. ಅದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು 15 ವರ್ಷದೊಳಗಿನವರು. ಭಾಗಾಕಾರ ಮಾಡಿ ನೋಡಿದರೆ ದಿನಕ್ಕೆ ಹತ್ತಿರ ಹತ್ತಿರ 40 ಮಕ್ಕಳು. ತುಮಕೂರು ಬಸ್ ಸ್ಟ್ಯಾಂಡಿನಿಂದ ಸೀಟು ಭರ್ತಿಯಾಗಿ ಹೊರಡೋ ಒಂದು ಬಸ್ಸಿನ ತುಂಬ ಮಕ್ಕಳು, ದಿನಾ ಒಂದು ಬಸ್ಸು. ಬಸ್ಸು ಉರುಳಿದ್ದರೆ ಮಂತ್ರಿಗಳು ಬರುತ್ತಿದ್ದರು. ಇವರು ಒಬ್ಬೊಬ್ಬರಾಗಿ, ಒಂದೊಂದು ಹಟ್ಟಿಯಲ್ಲಿ ಹೋಗುತ್ತಾರೆ, ಹಾಗಾಗಿ ಸದ್ದಿಲ್ಲ.

ಅದಕ್ಕೂ ಮುಂಚೆ, 2011ರಲ್ಲಿ ಬಂದ ಲೆಕ್ಕ ಇನ್ನೂ ಒಂದು ಮಾತು ಹೇಳಿತ್ತು. ಹಾವು ಕಡಿದು ಸತ್ತವರಲ್ಲಿ 100ಕ್ಕೆ 77 ಜನ ಸತ್ತದ್ದು ಆಸ್ಪತ್ರೆಯ ಹೊರಗೆ. ಮನೆಯಲ್ಲಿ, ದಾರಿಯಲ್ಲಿ, ಮಂತ್ರ ಹಾಕುವವರ ಜಗಲಿ ಮೇಲೆ.

ನಾಲ್ಕು ಹಾವು, ನಾಲ್ಕು ಥರ

ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಈ ನಾಲ್ಕು ತಾಲ್ಲೂಕಿನ ನೆಲ ಹಾವಿಗೆ ಹೇಳಿ ಮಾಡಿಸಿದ ಹಾಗಿದೆ. ಪಾವಗಡ, ಶಿರಾ ಕಡೆ ಕಡಲೆಕಾಯಿ ಹೊಲ. ಕಡಲೆಕಾಯಿ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಮಧುಗಿರಿ ಕಡೆ ಬಂಡೆ, ಕಲ್ಲುಗುಡ್ಡೆ. ತೋವಿನಕೆರೆ ಕಡೆ ಅಡಿಕೆ, ತೆಂಗಿನ ತೋಟ. ಗರಿ ರಾಶಿ, ಮಟ್ಟೆ ರಾಶಿ, ಹಿತ್ತಲಲ್ಲಿ ರಾಗಿಹುಲ್ಲಿನ ಬಣವೆ. ಮಕ್ಕಳು ಆಡೋದೂ ಅಲ್ಲೇ. ಕಣ್ಣಾಮುಚ್ಚಾಲೆಗೆ ಬಣವೆ ಸಂದಿಗಿಂತ ಒಳ್ಳೆ ಜಾಗ ಯಾವುದಿದೆ? ಚೆಂಡು ಹೋಗಿ ಬೀಳೋದು ಬೇಲಿ ಒಳಕ್ಕೇ. ಬಿಲ ಕಂಡರೆ ಅದರೊಳಗೆ ಕಡ್ಡಿ ಹಾಕದೆ ಬಿಡುವ ಹುಡುಗ ಹುಟ್ಟಿಲ್ಲ.

ನೋಡಿದ ಹಾವೆಲ್ಲ ಕೊಲ್ಲುವ ಹಾವಲ್ಲ. ಕೇರೆ, ನೀರುಹಾವು ಇವಕ್ಕೆ ಮನುಷ್ಯನನ್ನು ಕೊಲ್ಲುವ ವಿಷವೇ ಇಲ್ಲ. ಜೀವ ತೆಗೆಯುವವು ಮುಖ್ಯವಾಗಿ ನಾಲ್ಕು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ.

ಮಂಡಲ ಕಡಿದರೆ ಗೊತ್ತಾಗದೆ ಇರೋದಿಲ್ಲ. ಉರಿ, ನೋವು, ನೋಡುನೋಡುತ್ತಾ ಊತ. ಅದರ ವಿಷ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತೆ. ವಸಡಲ್ಲಿ ರಕ್ತ, ಮೂತ್ರದಲ್ಲಿ ರಕ್ತ, ಕೊನೆಗೆ ಕೊಳಕುಮಂಡಲದ್ದಾದರೆ ಕಿಡ್ನಿಗೂ ಏಟು. ನಾಗರ ಕಡಿದರೂ ನೋವು, ಊತ ಇರುತ್ತೆ. ಜೊತೆಗೆ ನರ ಸೋಲುತ್ತೆ, ಮಾತು ತೊದಲುತ್ತೆ, ಉಸಿರು ಕಟ್ಟುತ್ತೆ.

ಇವೆಲ್ಲ ಹೋಗಲಿ, ಕಟ್ಟುಹಾವಿನ ಮಾತು ಬೇರೆ. ಕಪ್ಪು ಮೈ, ಬಿಳಿ ತೆಳು ಪಟ್ಟೆ. ಹಗಲು ಸಂದಿಯಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿರುತ್ತೆ, ರಾತ್ರಿ ಓಡಾಡುತ್ತೆ. ಚಾಪೆ ಮೇಲೆ ಸಾಲಾಗಿ ಮಲಗಿದವರ ಹಾಸಿಗೆಗೆ ಬರುತ್ತೆ. ಯಾರೋ ಮಗ್ಗುಲು ಬದಲಾಯಿಸಿದಾಗ ಕಡಿಯುತ್ತೆ. ಅದರ ಹಲ್ಲು ಎಷ್ಟು ಸಣ್ಣದು ಅಂದರೆ ನಿದ್ದೆಯಲ್ಲಿದ್ದವರಿಗೆ ಎಷ್ಟೋ ಸಲ ಎಚ್ಚರವೇ ಆಗೋದಿಲ್ಲ. ಊತ ಇಲ್ಲ, ಉರಿ ಇಲ್ಲ. ಬೆಳಕಲ್ಲಿ ಹುಡುಕಿದರೂ ಗುರುತು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

ಮಗು ಮಾತ್ರ ಹೊತ್ತಾರೆ ಎದ್ದು ‘ಹೊಟ್ಟೆ ನೋಯ್ತದೆ’ ಅನ್ನುತ್ತೆ. ಒಂದೆರಡು ಸಲ ವಾಂತಿ. ಮನೆಯವರು ಏನು ಮಾಡಬೇಕು ಪಾಪ? ನಿನ್ನೆ ತಿಂದ ಹಲಸಿನ ಹಣ್ಣಿನ ಮೇಲೆ ತಪ್ಪು ಹೊರಿಸುತ್ತಾರೆ. ಜಂತು ಅಂತಾರೆ. ಓಮಿನ ನೀರು ಕುಡಿಸುತ್ತಾರೆ. ದೃಷ್ಟಿ ಆಗಿದೆ ಅಂತ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾರೆ. ಅಷ್ಟರಲ್ಲಿ ಮಗುವಿನ ರೆಪ್ಪೆ ಜೋತು ಬೀಳೋಕೆ ಶುರುವಾಗಿರುತ್ತೆ. ‘ರಾತ್ರಿ ಸರಿಯಾಗಿ ನಿದ್ದೆ ಇಲ್ಲ, ಮಲಗಲಿ ಬಿಡು’ ಅಂತ ಚಾಪೆ ಹಾಸಿ ಮತ್ತೆ ಮಲಗಿಸುತ್ತಾರೆ.

ಆ ನಿದ್ದೆ ನಿದ್ದೆಯಲ್ಲ.

ಅದಕ್ಕೇ ಈ ಮಾತು ಅಂಗಡಿ ಕಟ್ಟೆಯಲ್ಲಿ, ಬಸ್ಸಿನಲ್ಲಿ ಹತ್ತು ಜನಕ್ಕೆ ಹೇಳಬೇಕಾದ್ದು. ನೆಲದ ಮೇಲೆ ಮಲಗಿದ್ದ ಮಗು ಬೆಳಗ್ಗೆ ಹೊಟ್ಟೆನೋವು, ವಾಂತಿ ಅಂದರೆ ಹೊಟ್ಟೆ ಮುಟ್ಟಿ ನೋಡುವ ಮುಂಚೆ ಕಣ್ಣು ನೋಡಿ. ತಲೆ ಎತ್ತದೆ ಬರೀ ಕಣ್ಣು ಎತ್ತಿ ಸೂರು ನೋಡು ಅನ್ನಿ. ರೆಪ್ಪೆ ಪೂರ್ತಿ ಮೇಲೆ ಹೋಗುತ್ತೋ ಇಲ್ಲವೋ ನೋಡಿ. ನಾಲಿಗೆ ಚಾಚಿಸಿ. ಎಂಜಲು ನುಂಗುತ್ತಿದೆಯಾ, ಜೊಲ್ಲು ಸುರಿಯುತ್ತಿದೆಯಾ? ಕೂರಿಸಿದರೆ ಕತ್ತು ನಿಲ್ಲುತ್ತಾ? ಮಾತು ಬಾರದ ಕೂಸಾದರೆ ಅಳುವ ದನಿ ಕ್ಷೀಣವಾಗಿದೆಯಾ, ಮೊಲೆ ಬಾಯಿಗಿಟ್ಟರೆ ಚೀಪುತ್ತಾ? ಇದರಲ್ಲಿ ಒಂದು ತಪ್ಪಿದ್ದರೂ ಓಮಿನ ನೀರಿನ ಲೋಟ ಕೆಳಗಿಟ್ಟು ಆಸ್ಪತ್ರೆಗೆ ಓಡಬೇಕು. ಹೋದವರು ಡಾಕ್ಟರಿಗೆ ‘ಹೊಟ್ಟೆನೋವು’ ಅಂತ ಮಾತ್ರ ಹೇಳಿ ಸುಮ್ಮನಾಗಬಾರದು. ‘ರಾತ್ರಿ ನೆಲದ ಮೇಲೆ ಮಲಗಿತ್ತು, ರೆಪ್ಪೆ ಬೀಳ್ತಾ ಇದೆ’ ಅಂತಲೂ ಹೇಳಬೇಕು. ಆ ಒಂದು ಮಾತಿನಿಂದ ಡಾಕ್ಟರು ನೋಡುವ ರೀತಿಯೇ ಬದಲಾಗುತ್ತೆ.

ಇನ್ನೊಂದು ಸಂಗತಿ. ಕಟ್ಟುಹಾವಿನ ವಿಷ ಪೂರ್ತಿ ಏರಿದ ಮಗು ಸತ್ತ ಹಾಗೇ ಕಾಣುತ್ತೆ. ಕೈಕಾಲು ಆಡೋದಿಲ್ಲ, ಬೆಳಕು ಬಿಟ್ಟರೂ ಕಣ್ಣಿನ ಪಾಪೆ ಕದಲೋದಿಲ್ಲ. ಆದರೆ ಒಳಗೆ ಪ್ರಜ್ಞೆ ಇರಬಹುದು, ಪಕ್ಕದಲ್ಲಿ ಅಳುವವರ ದನಿ ಕೇಳುತ್ತಲೂ ಇರಬಹುದು. ಇಂಥವರಿಗೆ ವೆಂಟಿಲೇಟರಿನಲ್ಲಿ ಉಸಿರು ಕೊಡುತ್ತಾ ಹೋದರೆ ಕೆಲವು ದಿನದಲ್ಲಿ ಎದ್ದು ಕೂತದ್ದುಂಟು. ಹಾಗಾಗಿ ‘ಮುಗೀತು’ ಅನ್ನುವ ಮಾತು ಡಾಕ್ಟರ ಬಾಯಿಂದಲೇ ಬರಲಿ. ಮನೆಯವರೇ ತೀರ್ಮಾನ ಮಾಡಿ ವಾಪಸು ಕರೆತರಬಾರದು.

ವಿಷ ಅಷ್ಟೇ, ಮೈ ಸಣ್ಣದು

ಮಗುವನ್ನು ಕಡಿಯುವಾಗ ಹಾವು ಕರುಣೆ ತೋರಿ ಕಮ್ಮಿ ವಿಷ ಬಿಡೋದಿಲ್ಲ. ಕೊಳಕುಮಂಡಲ ಒಂದು ಸಲ ಕಡಿದರೆ ಸರಾಸರಿ 63 ಮಿಲಿಗ್ರಾಂ ವಿಷ ಬಿಡುತ್ತೆ ಅಂತ ಲೆಕ್ಕ. 60 ಕೆ.ಜಿ. ತೂಗುವ ಅಪ್ಪನಿಗೂ ಅಷ್ಟೇ, 12 ಕೆ.ಜಿ. ತೂಗುವ ಮಗುವಿಗೂ ಅಷ್ಟೇ. ಕೆ.ಜಿ. ಲೆಕ್ಕದಲ್ಲಿ ಮಗುವಿಗೆ ಬಿದ್ದದ್ದು ಐದು ಪಟ್ಟು. ದೊಡ್ಡವರು ತಡೆದುಕೊಳ್ಳುವ ಹೊತ್ತು ಮಗು ತಡೆಯೋದಿಲ್ಲ.

ಔಷಧಿಯ ಲೆಕ್ಕವೂ ಇದೇ. ಮಕ್ಕಳಿಗೆ ಸಿರಪ್ಪು ಅರ್ಧ ಚಮಚ ಕೊಟ್ಟ ಅಭ್ಯಾಸದಲ್ಲಿ ಹಾವಿನ ಇಂಜೆಕ್ಷನ್ನೂ ಅರ್ಧ ಸಾಕು ಅಂದುಕೊಳ್ಳುವವರಿದ್ದಾರೆ. ಇಲ್ಲ. ಆ ಇಂಜೆಕ್ಷನ್ ತೂಗಬೇಕಾದ್ದು ಮಗುವನ್ನಲ್ಲ, ವಿಷವನ್ನು. 10 ಮಿಲಿಯ ಒಂದು ಬಾಟ್ಲಿ ಸುಮಾರು 6 ಮಿಲಿಗ್ರಾಂ ಮಂಡಲದ ವಿಷ ಮುರಿಯುತ್ತೆ. ಅದಕ್ಕೇ ಮೊದಲ ಸಲಕ್ಕೆ 8ರಿಂದ 10 ಬಾಟ್ಲಿ. ದೊಡ್ಡವರಿಗೂ ಅಷ್ಟೇ, ಮಗುವಿಗೂ ಅಷ್ಟೇ. ಅದನ್ನು ಗಾಯದ ಸುತ್ತ ಚುಚ್ಚೋದಿಲ್ಲ, ಡ್ರಿಪ್ ಜೊತೆ ರಕ್ತನಾಳಕ್ಕೇ ಹಾಕುತ್ತಾರೆ.

ಈ ಇಂಜೆಕ್ಷನ್ ಹುಟ್ಟಿದ ಕತೆ ಚಿಕ್ಕದಾಗಿ ಹೇಳಬಹುದು. ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ಅನ್ನುವ ವಿಜ್ಞಾನಿ 1895ರಲ್ಲಿ ಇದನ್ನು ಜಗತ್ತಿಗೆ ತೋರಿಸಿದ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿವಿಷ ತೆಗೆಯೋದು. ಇಂದಿಗೂ ದಾರಿ ಅದೇ. ನಮ್ಮ ದೇಶದ ಕಂಪನಿಗಳಿಗೆ ಬೇಕಾದ ವಿಷ ಬಹುಪಾಲು ಬರೋದು ಚೆನ್ನೈ ಪಕ್ಕದ ಇರುಳರ ಸಹಕಾರ ಸಂಘದಿಂದ. 1978ರಲ್ಲಿ ಶುರುವಾದದ್ದು, ಹಾವು ಹಿಡಿಯೋದೇ ಕುಲಕಸುಬಾಗಿದ್ದ ಜನರದ್ದು. ಇಲ್ಲೊಂದು ತೊಡಕೂ ಇದೆ. ತಮಿಳುನಾಡಿನ ಹಾವಿನ ವಿಷವೂ ಬೇರೆ ಸೀಮೆಯ ಅದೇ ಜಾತಿ ಹಾವಿನ ವಿಷವೂ ಒಂದೇ ಹದ ಇರೋದಿಲ್ಲ ಅಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಮತ್ತು ಅವರ ತಂಡ ತೋರಿಸಿದ್ದಾರೆ. ಕೆಲವು ಕಡೆ ಬಾಟ್ಲಿ ಜಾಸ್ತಿ ಬೇಕಾಗೋದು ಇದರಿಂದಲೂ ಇರಬಹುದು. ಹಾಗಂತ ಇಂಜೆಕ್ಷನ್ ಬಿಟ್ಟು ಬೇರೆ ಮದ್ದಿಲ್ಲ.

ಬೇವಿನ ಸೊಪ್ಪಿನ ಪರೀಕ್ಷೆ

ತೋವಿನಕೆರೆಗೆ ಸಿದ್ದರಬೆಟ್ಟ ದೂರವಲ್ಲ. ಬೆಟ್ಟದ ಗಿಡಮೂಲಿಕೆಗೆ ಸುತ್ತಲ ಜಿಲ್ಲೆಯಲ್ಲೆಲ್ಲ ಹೆಸರಿದೆ. ಪಾವಗಡ ತಾಲ್ಲೂಕಿನ ನಾಗಲಮಡಿಕೆಯಲ್ಲಿ ಸುಬ್ರಹ್ಮಣ್ಯನ ಸನ್ನಿಧಿ. ಕುಕ್ಕೆ ಆದಿ, ಘಾಟಿ ಮಧ್ಯ, ನಾಗಲಮಡಿಕೆ ಅಂತ್ಯ ಅಂತ ಜನ ನಡೆದುಕೊಳ್ಳುತ್ತಾರೆ. ಊರೂರಿಗೆ ಅರಳಿಕಟ್ಟೆ, ಕಟ್ಟೆ ಮೇಲೆ ನಾಗರಕಲ್ಲು. ಇಂಥ ಸೀಮೆಯಲ್ಲಿ ಹಾವು ಕಡಿದ ತಕ್ಷಣ ಕಾಲು ನಾಟಿ ಔಷಧಿ ಕಡೆಗೋ ಮಂತ್ರದ ಕಡೆಗೋ ತಿರುಗಿದರೆ ಬೈದು ಪ್ರಯೋಜನವಿಲ್ಲ. ಭಕ್ತಿ ಇರಲಿ, ಹರಕೆಯನ್ನು ಮಗು ಮನೆಗೆ ಬಂದ ಮೇಲೆ ತೀರಿಸಿದರೂ ಸುಬ್ರಹ್ಮಣ್ಯ ಬೇಡ ಅನ್ನೋದಿಲ್ಲ.

ನಾಟಿ ಔಷಧಿಯಿಂದ ಬದುಕಿದವರು ಊರಿಗೊಬ್ಬರಾದರೂ ಇದ್ದೇ ಇರುತ್ತಾರೆ. ಅದರ ಗುಟ್ಟು ಬೇರೆ. ಕಡಿಯುವ ಹಾವುಗಳಲ್ಲಿ ಎಷ್ಟೋ ವಿಷವಿಲ್ಲದವು. ವಿಷದ ಹಾವೂ ಎಷ್ಟೋ ಸಲ ಬರೀ ಹಲ್ಲು ಊರಿ ವಿಷ ಬಿಡದೆ ಹೋಗುತ್ತೆ. ಅಂಥವರು ಸೊಪ್ಪು ಅರೆದು ಕುಡಿಸಿದರೂ ಬದುಕುತ್ತಾರೆ, ಮಜ್ಜಿಗೆ ಕುಡಿಸಿದರೂ ಬದುಕುತ್ತಾರೆ. ಹೆಸರು ಸೊಪ್ಪಿಗೆ ಬರುತ್ತೆ.

ಬೇವಿನ ಸೊಪ್ಪಿನ ಪರೀಕ್ಷೆ ಇನ್ನೂ ಬಿಟ್ಟಿಲ್ಲ. ಸೊಪ್ಪು ಕಹಿ ಅಂದರೆ ವಿಷ ಇಲ್ಲ, ಕಹಿ ಗೊತ್ತಾಗದಿದ್ದರೆ ವಿಷ ಏರಿದೆ. ಹಸಿಮೆಣಸಿನಕಾಯಿಯಲ್ಲೂ ಇದೇ ಪರೀಕ್ಷೆ. ಮಂಡಲದ ವಿಷಕ್ಕೆ ನಾಲಿಗೆಯ ರುಚಿ ಕೆಡಿಸುವ ಕೆಲಸವಿಲ್ಲ, ಅದು ಕೆಡಿಸೋದು ರಕ್ತವನ್ನು. ಹೋಗಲಿ, ಎರಡು ವರ್ಷದ ಕೂಸಿಗೆ ಬೇವು ತಿನ್ನಿಸಿದರೆ ಅದು ಏನಂತ ಹೇಳೀತು? ಅಳುತ್ತೆ. ಅತ್ತರೆ ಕಹಿ ಅಂತ ಲೆಕ್ಕ, ವಿಷ ಇಲ್ಲ ಅಂತ ತೀರ್ಮಾನ. ನುಂಗುವ ಶಕ್ತಿ ಸೋತ ಮಗುವಿನ ಬಾಯಿಗೆ ಏನೇ ಹಾಕಿದರೂ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯ ಬೇರೆ.

ಆಸ್ಪತ್ರೆಯಲ್ಲಿ ಇದಕ್ಕೊಂದು ನಿಜವಾದ ಪರೀಕ್ಷೆ ಇದೆ, ಅದಕ್ಕೆ ದೊಡ್ಡ ಮಿಷನ್ನೇನೂ ಬೇಡ. ಒಣಗಿದ, ಶುದ್ಧವಾದ ಗಾಜಿನ ಕೊಳವೆಯಲ್ಲಿ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಇಡೋದು. ಆಮೇಲೆ ಕೊಳವೆ ಓರೆ ಮಾಡೋದು. ರಕ್ತ ಹೆಪ್ಪುಗಟ್ಟಿದ್ದರೆ ಸರಿ, ನೀರಿನ ಹಾಗೆ ಹರಿದರೆ ಮಂಡಲದ ವಿಷ ಒಳಗೆ ಕೆಲಸ ಮಾಡುತ್ತಿದೆ ಅಂತ. ಕೊಳವೆ ಪ್ಲಾಸ್ಟಿಕ್ಕಿನದಾದರೆ, ಸೋಪಿನಲ್ಲಿ ತೊಳೆದದ್ದಾದರೆ ಪರೀಕ್ಷೆ ಕೆಡುತ್ತೆ. ಒಂದು ಗಾಜಿನ ಕೊಳವೆ, ಒಂದು ಗಡಿಯಾರ. ಇಷ್ಟು ಇಲ್ಲದ ಸರ್ಕಾರಿ ಆಸ್ಪತ್ರೆ ಇರಬಾರದು.

ಕಟ್ಟು ಬಿಗಿಯೋದೂ ಹಳೇ ಚಾಳಿ. ಲುಂಗಿ ಹರಿದೋ, ಹುರಿ ತಂದೋ ಬಿಗಿದುಬಿಡುತ್ತಾರೆ. ಮಗುವಿನ ಕೈ ಎಷ್ಟು ದಪ್ಪ ಇದ್ದೀತು? ರಕ್ತ ಓಡದೆ ಕೈಯೇ ಕೊಳೆಯುವ ಪ್ರಸಂಗ ಬರುತ್ತೆ. ಬ್ಲೇಡು ಹಾಕಿ ಕೊಯ್ಯೋದು, ಬಾಯಲ್ಲಿ ಹೀರೋದು ಎರಡೂ ಸಿನಿಮಾದ ಆಟ. ಮಾಡಬೇಕಾದ್ದು ಬಹಳ ಕಮ್ಮಿ. ಬಳೆ, ಉಂಗುರ, ಕಾಲ್ಗೆಜ್ಜೆ ತಕ್ಷಣ ಬಿಚ್ಚಬೇಕು, ಊತ ಬಂದ ಮೇಲೆ ಗೆಜ್ಜೆಯೇ ಬೇಡಿಯಾಗುತ್ತೆ. ಮಗುವನ್ನು ನಡೆಸದೆ, ಓಡಿಸದೆ ಎತ್ತಿಕೊಳ್ಳಬೇಕು. ಕಡಿದ ಕಾಲಿಗೋ ಕೈಗೋ ಸ್ಕೇಲೋ ದಪ್ಪ ರಟ್ಟೋ ಕೊಟ್ಟು, ಮುರಿದ ಮೂಳೆಗೆ ಕಟ್ಟುವ ಹಾಗೆ ಸಡಿಲವಾಗಿ ಕಟ್ಟಿ ಅಲ್ಲಾಡದಂತೆ ಮಾಡಬೇಕು. ವಾಂತಿ ಇದ್ದರೆ ಎಡಮಗ್ಗುಲಿಗೆ ಮಲಗಿಸಬೇಕು. ಹಾವನ್ನು ಹುಡುಕಿ ಹೊಡೆದು ಚೀಲದಲ್ಲಿ ತರುವ ಶೌರ್ಯ ಬೇಡ. ನಾಲ್ಕೂ ಹಾವಿಗೆ ಇಂಜೆಕ್ಷನ್ ಒಂದೇ. ಹುಡುಕುವ ಹೊತ್ತಿಗೆ ಆಸ್ಪತ್ರೆ ಸೇರಬಹುದು.

ರಾತ್ರಿ ಗಾಡಿ ಯಾರದು?

ಇನ್ನು ದಾರಿ. ಹಗಲಾದರೆ ತೋವಿನಕೆರೆಯಿಂದ ತುಮಕೂರಿಗೆ ಬಸ್ಸಿನಲ್ಲಿ ಹೆಚ್ಚು ಕಮ್ಮಿ ಒಂದು ಗಂಟೆ. ಪಾವಗಡದಿಂದಾದರೆ ತುಮಕೂರು ನೂರು ಕಿಲೋಮೀಟರ್ ಆಸುಪಾಸು. ಆದರೆ ಹಾವು ಬಸ್ಸಿನ ಟೈಮು ನೋಡಿ ಕಡಿಯೋದಿಲ್ಲ. ಕೊನೇ ಬಸ್ಸು ಹೋದ ಮೇಲೆ, ಮಳೆ ಹುಯ್ದು ಕರೆಂಟು ಹೋದ ಮೇಲೇ ಅದರ ಓಡಾಟ ಜಾಸ್ತಿ. 2008ರ ನವೆಂಬರಿನಲ್ಲಿ ರಾಜ್ಯಕ್ಕೆ 108 ಬಂತು, ಅದರಿಂದ ಉಳಿದ ಜೀವ ಕಮ್ಮಿಯೇನಲ್ಲ. ಫೋನು ಮಾಡಲೇಬೇಕು. ಆದರೆ ಒಳಹಳ್ಳಿಗೆ ಅದು ಬರೋದು ತಡವಾಗುತ್ತೆ ಅಂತ ಗೊತ್ತಾದರೆ ಬಾಗಿಲಲ್ಲಿ ಕಾಯುತ್ತಾ ಕೂರಬಾರದು.

ನೇಪಾಳದ ತರಾಯಿ ಸೀಮೆಯಲ್ಲಿ ಇದಕ್ಕೊಂದು ದಾರಿ ಹುಡುಕಿದರು. ನಮ್ಮ ಹಾಗೇ ಹೊಲಗದ್ದೆಯ ಊರು, ನಮ್ಮ ಹಾಗೇ ನಾಗರ, ಕಟ್ಟುಹಾವು. ಪ್ರತಿ ಊರಲ್ಲಿ ಬೈಕು ಇದ್ದವರನ್ನು ಮೊದಲೇ ಗೊತ್ತು ಮಾಡಿಟ್ಟರು. ಹಾವು ಕಡಿದರೆ ರಾತ್ರಿ ಎಷ್ಟು ಹೊತ್ತಿಗಾದರೂ ಅವರು ಬೈಕು ತೆಗೆಯಬೇಕು. ಕಡಿಸಿಕೊಂಡವರನ್ನು ನಡುವೆ ಕೂರಿಸಿ, ಹಿಂದೆ ಒಬ್ಬರು ಹಿಡಿದುಕೊಂಡು ಸೀದಾ ಚಿಕಿತ್ಸಾ ಕೇಂದ್ರಕ್ಕೆ. ಜೊತೆಗೆ ಊರೂರಲ್ಲಿ ತಿಳಿವಳಿಕೆ. 2013ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ. ಅದಕ್ಕೆ ಮುಂಚೆ ಕಡಿಸಿಕೊಂಡ 100 ಜನರಲ್ಲಿ 10 ಜನಕ್ಕಿಂತ ಹೆಚ್ಚು ಸಾಯುತ್ತಿದ್ದರು. ಆಮೇಲೆ 200ಕ್ಕೆ ಒಬ್ಬರು. ಹೊಸ ಆಸ್ಪತ್ರೆ ಕಟ್ಟಿಸಿದ್ದಲ್ಲ, ಹೊಸ ಔಷಧಿ ತಂದದ್ದಲ್ಲ. ಬೈಕು!

ತೋವಿನಕೆರೆ ಬಸ್ ಸ್ಟ್ಯಾಂಡಿನ ಸುತ್ತ ಅಂಗಡಿ ಇಟ್ಟವರಿಗೆ ಈ ಮಾತು ಯಾಕೆ ಅಂದರೆ, ಯಾವ ಹಳ್ಳಿಯಲ್ಲಿ ಯಾರ ಹತ್ತಿರ ಕಾರಿದೆ, ಯಾರ ಆಟೋ ರಾತ್ರಿ ಮನೆಯಲ್ಲೇ ನಿಲ್ಲುತ್ತೆ, ಯಾರು ಎಬ್ಬಿಸಿದರೆ ಬೈಯದೆ ಬರುತ್ತಾರೆ ಅನ್ನೋದು ತಾಲ್ಲೂಕು ಆಫೀಸಿನವರಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ಆ ನಾಲ್ಕು ನಂಬರು ಅಂಗಡಿ ಬಾಗಿಲ ಮೇಲೆ ದೊಡ್ಡದಾಗಿ ಬರೆದಿಟ್ಟರೆ ಬಣ್ಣದ ಖರ್ಚು ಎಷ್ಟಾದೀತು?

ಎಲ್ಲಿಗೆ ಹೋಗಬೇಕು ಅನ್ನೋದೂ ಮೊದಲೇ ಗೊತ್ತಿರಬೇಕು. ಕೇಂದ್ರ ಸರ್ಕಾರದ ಚಿಕಿತ್ಸಾ ಮಾರ್ಗಸೂಚಿ ಹೇಳೋದು ಇಷ್ಟು: ವಿಷದ ಲಕ್ಷಣ ಕಂಡರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಇಂಜೆಕ್ಷನ್ ಶುರು ಮಾಡಿ, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸಿ. ನಡೆಯೋದು ಎಷ್ಟೋ ಕಡೆ ಉಲ್ಟಾ. ಕುದುರೆ ರಕ್ತದ ಔಷಧಿ, ಕೆಲವರಿಗೆ ಒಗ್ಗೋದಿಲ್ಲ. ಮೈ ತುಂಬ ದಡಿಕೆ, ಉಸಿರು ಕಟ್ಟೋದು, ಬಿ.ಪಿ. ಬೀಳೋದು ಆಗಬಹುದು. ಸಣ್ಣ ಮಗು ಬೇರೆ. ಏನಾದರೂ ಆದರೆ ಜನ ಆಸ್ಪತ್ರೆ ಗಾಜು ಒಡೆಯುತ್ತಾರೆ ಅನ್ನುವ ಭಯ. ಚೀಟಿ ಬರೆದು ಮುಂದಕ್ಕೆ ಕಳಿಸಿಬಿಡುತ್ತಾರೆ. ಅಲ್ಲಿಂದ ಇನ್ನೊಂದು ಚೀಟಿ. ಬೆಂಗಳೂರಿನ ದಾರಿಯಲ್ಲಿ ಮಗುವಿನ ಉಸಿರು ನಿಲ್ಲುತ್ತೆ. ಒಗ್ಗದಿದ್ದರೆ ಏನು ಮಾಡಬೇಕು ಅನ್ನೋದಕ್ಕೂ ಮದ್ದಿದೆ. ಅಡ್ರಿನಲಿನ್ ಪಕ್ಕದಲ್ಲೇ ಇಟ್ಟುಕೊಂಡು ಇಂಜೆಕ್ಷನ್ ಹಾಕಬೇಕು ಅಂತ ಅದೇ ಮಾರ್ಗಸೂಚಿಯಲ್ಲಿದೆ. ಡಾಕ್ಟರಿಗೆ ಧೈರ್ಯ ಬರಬೇಕಾದರೆ ಜನರೂ ಕೈ ತಡೆದುಕೊಳ್ಳಬೇಕು, ಈ ಮಾತನ್ನೂ ಹೇಳದೆ ವಿಧಿಯಿಲ್ಲ.

ಕೇರಳದ ವಯನಾಡಿನಲ್ಲಿ ನಡೆದದ್ದು ಇನ್ನೂ ಮರೆಯುವ ಹಾಗಿಲ್ಲ. ನಮ್ಮ ಗುಂಡ್ಲುಪೇಟೆಯಿಂದ ಕಾಡು ದಾಟಿದರೆ ಸಿಗುವ ಸುಲ್ತಾನ್ ಬತ್ತೇರಿ. 2019ರ ನವೆಂಬರ್ 20. ಸರ್ಕಾರಿ ಶಾಲೆಯ ಐದನೇ ತರಗತಿ ಹುಡುಗಿ, ತರಗತಿ ಕೋಣೆಯ ನೆಲದಲ್ಲಿದ್ದ ಬಿಲದಿಂದ ಹಾವು ಕಾಲಿಗೆ ಕಡಿಯಿತು. ತಕ್ಷಣ ಆಸ್ಪತ್ರೆಗೆ ಸೇರಿಸಲಿಲ್ಲ, ತಂದೆ ಬರುವವರೆಗೆ ಕಾದರು ಅನ್ನುವ ಆರೋಪ ಬಂತು. ಆಮೇಲೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ. ಹುಡುಗಿ ಉಳಿಯಲಿಲ್ಲ. ಶಿಕ್ಷಕರ ಅಮಾನತಾಯಿತು, ರಾಜ್ಯವೇ ಎದ್ದು ಕೂತಿತು. ಸತ್ತದ್ದು ಕಾಡಿನಲ್ಲಲ್ಲ, ಪಾಠ ಕೇಳುತ್ತಾ ಕೂತಿದ್ದ ಕೋಣೆಯಲ್ಲಿ ಕಡಿಸಿಕೊಂಡು. ನಮ್ಮ ಶಾಲೆ, ಅಂಗನವಾಡಿಗಳ ನೆಲ ಹೇಗಿದೆ, ಗೋಡೆ ಬುಡದ ತೂತು ಮುಚ್ಚಿದ್ದಾರಾ, ಹಿಂದೆ ಗಿಡಗಂಟಿ ಸವರಿದ್ದಾರಾ, ಮಕ್ಕಳು ಮೂತ್ರಕ್ಕೆ ಎಲ್ಲಿಗೆ ಹೋಗುತ್ತಾರೆ ಅಂತ ಜೂನ್ ತಿಂಗಳಿಗೆ ಮುಂಚೆ ಪಂಚಾಯಿತಿಯವರು ಒಂದು ಸುತ್ತು ಬಂದರೆ ಅನುದಾನಕ್ಕೆ ಕಾಯುವ ಕೆಲಸವೇನೂ ಅಲ್ಲ. ಒಂದು ಬಾಂಡ್ಲಿ ಸಿಮೆಂಟು ಸಾಕು.

ಪುಸ್ತಕಕ್ಕೆ ಹತ್ತಿದ ಹಾವು

ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಒಂದು ಒಳ್ಳೆ ಕೆಲಸ ಮಾಡಿತು. ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಹಾವು ಕಡಿದವರು ಬಂದರೆ ಲೆಕ್ಕ ಕೊಡಲೇಬೇಕು. ಅದಕ್ಕೆ ಮುಂಚಿನ ವರ್ಷ, 2023ರಲ್ಲಿ, ಇಡೀ ರಾಜ್ಯದಲ್ಲಿ ದಾಖಲಾದ ಕಡಿತ ಆರೂವರೆ ಸಾವಿರ ಚಿಲ್ಲರೆ, ಸಾವು ಬರೀ 19. ದೇಶದಲ್ಲಿ ವರ್ಷಕ್ಕೆ 58 ಸಾವಿರ ಸಾಯುವಾಗ ಕರ್ನಾಟಕದಲ್ಲಿ 19! ಓದಿದವರು ನಗಬೇಕೋ ಅಳಬೇಕೋ. 2024ರಲ್ಲಿ ಕಡಿತದ ಲೆಕ್ಕ ಎರಡರಷ್ಟಾಯಿತು, ಸಾವಿನ ಲೆಕ್ಕ ನೂರರ ಹತ್ತಿರ ಹೋಯಿತು. ಹಾವುಗಳಿಗೆ ಒಂದೇ ವರ್ಷದಲ್ಲಿ ಸಿಟ್ಟು ಬಂದದ್ದಲ್ಲ, ಪುಸ್ತಕದಲ್ಲಿ ಬರೆಯೋಕೆ ಶುರು ಮಾಡಿದ್ದು. ಮನೆಯಲ್ಲೇ ಸತ್ತು ಹೊಲದಲ್ಲೇ ಮಣ್ಣಾದ ಕೂಸುಗಳು ಈಗಲೂ ಆ ಪುಸ್ತಕದ ಹೊರಗೇ.

ಯಾಕೆ ಈ ಬರೆಯೋದು ಮುಖ್ಯ ಅಂದರೆ, ಯಾವ ಆಸ್ಪತ್ರೆಗೆ ಎಷ್ಟು ಬಾಟ್ಲಿ ಕಳಿಸಬೇಕು ಅನ್ನೋದು ಇದೇ ಲೆಕ್ಕದ ಮೇಲೆ ನಿಲ್ಲುತ್ತೆ. ಲೆಕ್ಕದಲ್ಲಿ ಕಡಿತ ಇಲ್ಲದ ಊರಿಗೆ ಬಾಟ್ಲಿಯೂ ಇಲ್ಲ. ಪ್ರತಿ ಸರ್ಕಾರಿ ಆಸ್ಪತ್ರೆ ಬಾಗಿಲಲ್ಲಿ ಒಂದು ಕರಿಹಲಗೆ ಹಾಕಿ ‘ಇವತ್ತು ಹಾವಿನ ಇಂಜೆಕ್ಷನ್ ಇಷ್ಟು ಬಾಟ್ಲಿ ಇದೆ’ ಅಂತ ಬರೆದರೆ ರಾತ್ರಿ ಹೊತ್ತು ಮಗು ಎತ್ತಿಕೊಂಡು ಓಡುವವರಿಗೆ ಯಾವ ದಿಕ್ಕಿಗೆ ಓಡಬೇಕು ಅಂತಲಾದರೂ ತಿಳಿಯುತ್ತೆ. 10 ಬಾಟ್ಲಿಗಿಂತ ಕಮ್ಮಿ ಇದ್ದರೆ ಒಂದು ಮಗುವಿಗೂ ಸಾಲದು ಅನ್ನೋದು ಆ ಹಲಗೆ ನೋಡಿದ ಯಾರಿಗಾದರೂ ಗೊತ್ತಾಗಬೇಕು.

ಮನೆಯಲ್ಲಿ ಮಾಡುವಂಥದ್ದೂ ಇದೆ. ಮಕ್ಕಳನ್ನು ಮಂಚದ ಮೇಲೆ ಮಲಗಿಸೋದು. ಮಂಚ ಇಲ್ಲದಿದ್ದರೆ ಸೊಳ್ಳೆಪರದೆ ಕಟ್ಟಿ, ಅಂಚನ್ನು ಚಾಪೆ ಅಡಿಗೆ ನಾಲ್ಕೂ ಕಡೆ ಸಿಕ್ಕಿಸೋದು. ಸೊಳ್ಳೆಪರದೆ ಒಳಗೆ ಮಲಗಿದವರಿಗೆ ಹಾವಿನ ಕಡಿತ ಕಮ್ಮಿ ಅಂತ ನೇಪಾಳದಲ್ಲೇ ಕಂಡುಕೊಂಡಿದ್ದಾರೆ. ರಾಗಿ ಮೂಟೆ, ಕಡಲೆಕಾಯಿ ಮೂಟೆ ಮಲಗುವ ಕೋಣೆಯಲ್ಲಿ ಒಟ್ಟಬಾರದು. ಕೋಳಿಗೂಡು ಮಲಗುವ ಗೋಡೆಗೆ ಅಂಟಿಕೊಂಡಿರಬಾರದು. ಕತ್ತಲಲ್ಲಿ ಮಗುವನ್ನು ಹೊರಗೆ ಕಳಿಸುವಾಗ ಕೈಗೆ ಬ್ಯಾಟರಿ ಕೊಟ್ಟರೆ ಸಾಲದು, ದೊಡ್ಡವರೊಬ್ಬರು ಜೊತೆಗೆ ಹೋಗಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಿತ ಹೆಚ್ಚು. ಈ ಕಡೆ ಕಡಲೆಕಾಯಿ ಕೀಳುವ ಕಾಲವನ್ನೂ ಅದಕ್ಕೆ ಸೇರಿಸಿಕೊಳ್ಳಬೇಕು. ಹೊಲದ ಬದುವಿನ ಮರಕ್ಕೆ ಜೋಲಿ ಕಟ್ಟಿ ಕೂಸು ಮಲಗಿಸುವವರು ಜೋಲಿಯ ಸೆರಗು ನೆಲಕ್ಕೆ ತಾಗದ ಹಾಗೆ ಎತ್ತರಿಸಿ ಕಟ್ಟಲಿ.

ಇನ್ನು ಆಸ್ಪತ್ರೆ ಸೇರಿ, ಮಗು ನಗುನಗುತ್ತಾ ಬಿಸ್ಕತ್ತು ತಿನ್ನುತ್ತಿದೆ ಅಂತಿಟ್ಟುಕೊಳ್ಳಿ. ಊತ ಇಲ್ಲ, ರಕ್ತವೂ ಹೆಪ್ಪುಗಟ್ಟಿದೆ. ದನ ಕಟ್ಟಿದ ಕಡೆಯೇ ಇವೆ, ಹೊಲದಲ್ಲಿ ಆಳು ಕಾಯುತ್ತಿದ್ದಾರೆ, ಹೊರಡೋಣ ಅನ್ನಿಸುತ್ತೆ. ಹೊರಡಬಾರದು. ವಿಷದ ಲಕ್ಷಣ ಎಷ್ಟೋ ಗಂಟೆ ತಡವಾಗಿ ಕಾಣೋದುಂಟು, ಕಟ್ಟುಹಾವಿನದಂತೂ ಹಾಗೇ. ಕಡಿದ ಹೊತ್ತಿನಿಂದ 24 ಗಂಟೆ ಮಗು ಆಸ್ಪತ್ರೆಯಲ್ಲೇ ಇರಬೇಕು. ರಾತ್ರಿ ಮಗು ಮಲಗಿದ ಮೇಲೂ ಗಂಟೆಗೊಂದು ಸಲ ಎಬ್ಬಿಸಿ ಕಣ್ಣು ತೆರೆಸಿ ನೋಡಿ ಅಂತ ನರ್ಸಮ್ಮನಿಗೆ ನೆನಪಿಸೋದು ಪಕ್ಕದಲ್ಲಿ ಕೂತ ಅವ್ವನ ಕೆಲಸ.